ನಮ್ಮನೆ ಟಿಲ್ಲರ್ ತುಕ್ಕು ಬಿಟ್ಟ ಕಥೆ

ಹೋದ ಸಲ ದೋಸೆ ಕಾವಲಿ ತುಕ್ಕು ತೆಗೆಯೋದು ಹೇಗೆ ಅಂತ ಬರೆದಿದ್ದೆ. ಓದಿದ ನಮ್ಮ ಚಿಕ್ಕಮ್ಮ ಫೋನ್ ಮಾಡಿ, "ಕಾವಲಿ ಬಿಡೇ, ನಿಮ್ಮನೆ ಹಿತ್ತಲಲ್ಲಿ ಒಂದು ಬೆಟ್ಟದಂಥ ತುಕ್ಕು ನಿಂತಿದ್ಯಲ್ಲ, ಅದನ್ನೇನು ಮಾಡ್ದೆ?" ಅಂದ್ರು. ಅವರು ಕೇಳಿದ್ದು ನಮ್ಮ ಮಾವನವರ ಪವರ್ ಟಿಲ್ಲರ್ ವಿಷ್ಯ. ಹಾಗಾಗಿ ಈ ಸಲ ಅದರ ಕಥೆ. ಸ್ವಲ್ಪ ಉದ್ದ ಆಗತ್ತೆ, ಕಾಫಿ ಲೋಟ ಪಕ್ಕಕ್ಕಿಟ್ಕೊಂಡು ಓದಿ.

ನಮ್ಮನೆ ಸಾರಕ್ಕಿ ಕೆರೆ ಕಡೆ. ಈಗ ಬಂದವರಿಗೆ ಹೇಳಿದ್ರೆ ನಗ್ತಾರೆ, ಆದ್ರೆ ಇಲ್ಲಿ ಕೆರೆ ಕೆಳಗೆ ಭತ್ತ ಬೆಳೀತಿದ್ರು. ಮೇಲೆ ಹೊಲದಲ್ಲಿ ರಾಗಿ, ಅವರೆ. ಜಯನಗರಕ್ಕೆ ಅಡಿಗಲ್ಲು ಬಿದ್ದಿದ್ದು 1948ರಲ್ಲಿ, ರಾಜಾಜಿಯವರ ಕೈಯಲ್ಲಿ. ಅದರ ನೆನಪಿಗೇ ಅಶೋಕ ಪಿಲ್ಲರ್ ನಿಂತಿರೋದು. ಆಮೇಲೆ ಊರು ದಕ್ಷಿಣಕ್ಕೆ ಹರೀತಾ ಬಂತು. ಯಡಿಯೂರು, ಭೈರಸಂದ್ರ, ಕದಿರೇನಹಳ್ಳಿ, ಸಾರಕ್ಕಿ, ಜರಗನಹಳ್ಳಿ, ಪುಟ್ಟೇನಹಳ್ಳಿ, ಎಲ್ಲ ಹಳ್ಳಿಗಳೇ. ಈಗ ಬಸ್ ಸ್ಟಾಪಿನ ಹೆಸರಾಗಿ ಉಳ್ಕೊಂಡಿವೆ. ನಾನು ಮದುವೆಯಾಗಿ ಈ ಮನೆಗೆ ಬರೋ ಹೊತ್ತಿಗೆ ಗದ್ದೆ ಹೋಗಿ ಸೈಟುಗಳಾಗಿದ್ವು. ಟಿಲ್ಲರ್ ಮಾತ್ರ ಇತ್ತು. ಮಾವನವರು ಅದನ್ನ ಕನಕಪುರ ರಸ್ತೆ ಆಚೆ ಬಾಡಿಗೆ ಉಳುಮೆಗೆ ಓಡಿಸ್ತಿದ್ರು. ಆಮೇಲೆ ಮಂಡಿ ನೋವು ಅಂತ ಅದೂ ನಿಂತೋಯ್ತು. ಹಿತ್ತಲ ಶೆಡ್ಡಿನಲ್ಲಿ ನಿಲ್ಲಿಸಿದ್ದು ಇಪ್ಪತ್ತು ವರ್ಷದ ಮೇಲಾಯ್ತು. ಶೆಡ್ಡಿನ ಶೀಟು ಒಡೆದು ಮಳೆ ನೀರು ಅದರ ಮೇಲೇ ಸುರೀತಿತ್ತು. ಯಾರೂ ನೋಡ್ಲಿಲ್ಲ. ತಪ್ಪು ನಮ್ಮದೇ.

ಹೋದ ವರ್ಷ ಹಿಂದುಗಡೆ ಎರಡು ರೂಮು ಕಟ್ಟೋಣ ಅಂತ ಮಾತು ಬಂತು. ದಸರಾ ಕಳೆದ ಮೇಲೆ ಶೆಡ್ಡು ಕೆಡವೋದು ಅಂತ ತೀರ್ಮಾನ. ನಮ್ಮ ಮೈದುನ ಗುಜರಿಯವನನ್ನ ಕರ್ಕೊಂಡು ಬಂದ. ಅವನು ಟಿಲ್ಲರ್ ಸುತ್ತ ಒಂದು ಸುತ್ತು ಹಾಕಿ, ಕಾಲಲ್ಲಿ ಒದ್ದು, ಕೆಜಿ ಲೆಕ್ಕದಲ್ಲಿ ಒಂದು ರೇಟು ಹೇಳಿದ. ಎಲ್ಲರೂ ಸರಿ ಅಂದ್ವಿ. ಅತ್ತೆ ಅವರೆಕಾಯಿ ಸುಲೀತಾ ಕೂತಿದ್ದವರು ತಲೆ ಎತ್ತದೇನೇ ಅಂದ್ರು: "ಅದು ನನ್ನ ಬಳೆ ಕಣಪ್ಪ."

ನಮಗೆ ಅರ್ಥ ಆಗ್ಲಿಲ್ಲ. ಆಮೇಲೆ ಒಂದೊಂದೇ ಹೊರಗೆ ಬಂತು. ಟಿಲ್ಲರ್ ತಗೊಳ್ಳೋಕೆ ಬ್ಯಾಂಕ್ ಸಾಲ ಸಿಕ್ಕಿತ್ತಂತೆ, ಆದ್ರೆ ಮುಂಗಡ ಕಟ್ಟೋಕೆ ದುಡ್ಡಿರಲಿಲ್ಲ. ಅತ್ತೆಯವರ ತವರಿನ ನಾಲ್ಕು ಚಿನ್ನದ ಬಳೆ ಹೋಯ್ತು. "ಬೆಳೆ ಬಂದ ಮೇಲೆ ಮಾಡಿಸ್ಕೊಡ್ತೀನಿ" ಅಂದಿದ್ರಂತೆ ಮಾವ. ಬೆಳೆ ಬಂತು, ಸಾಲ ತೀರ್ತು, ನಾದಿನಿ ಮದುವೆ ಆಯ್ತು, ಬಳೆ ಬರಲಿಲ್ಲ. ಪೆಟ್ಟಿಗೆಯಲ್ಲಿ ರಸೀದಿ ಇನ್ನೂ ಇದೆ. ಅದರಲ್ಲಿ ಮಾವನವರ ಹೆಸರೊಂದೇ. ಇಷ್ಟು ವರ್ಷ ಈ ಮನೇಲಿದ್ದೀನಿ, ಈ ವಿಷ್ಯ ನನಗೂ ಗೊತ್ತಿರಲಿಲ್ಲ, ಹೊಟ್ಟೇಲಿ ಹುಟ್ಟಿದ ಮಕ್ಕಳಿಗೂ ಗೊತ್ತಿರಲಿಲ್ಲ.

ಗುಜರಿಯವನಿಗೆ ಕಾಫಿ ಕೊಟ್ಟು ಕಳಿಸಿದ್ವಿ. ದಸರಾವರೆಗೆ ಟೈಮು. ಅಷ್ಟರೊಳಗೆ ಎಂಜಿನ್ನು ತಿರುಗಿದ್ರೆ ನಮ್ಮ ಅಕ್ಕನ ಮಗ ಅವನ ತೋಟಕ್ಕೆ ತಗೊಂಡು ಹೋಗ್ತಾನೆ, ತಿರುಗದಿದ್ರೆ ಗುಜರಿಗೆ, ಅಂತ ಒಪ್ಪಂದ ಆಯ್ತು.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಟಿಲ್ಲರ್ ನಮ್ಮೂರಿಗೆ ಎಲ್ಲಿಂದ ಬಂತು?

ಕಬ್ಬಿಣ ನಮ್ಮ ಸೀಮೆಗೆ ಹೊಸದಲ್ಲ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆ ಸುತ್ತಿದಾಗ ಮಾಗಡಿ ಕಡೆ ಕಬ್ಬಿಣ ಕರಗಿಸ್ತಿದ್ದುದನ್ನೂ, ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೀತಿದ್ದುದನ್ನೂ ಬರೆದಿಟ್ಟಿದ್ದಾನೆ. ಆದ್ರೆ ನೇಗಿಲು ಮಾತ್ರ ಮರದ್ದೇ. ತುದಿಗೆ ಒಂದು ಕಬ್ಬಿಣದ ಗುಳ, ಅಷ್ಟೇ. ಪೂರ್ತಿ ಕಬ್ಬಿಣದ ನೇಗಿಲು ಮಾಡಿ ಮಾರೋಕೆ ಹೊರಟವರಲ್ಲಿ ಬೆಳಗಾವಿ ಜಿಲ್ಲೆ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮೊದಲಿಗರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವರು ಮೇವು ಕತ್ತರಿಸೋ ಯಂತ್ರ, ಕಬ್ಬಿಣದ ನೇಗಿಲು ಅಂತ ಶುರು ಮಾಡಿದ್ರು. ಕಬ್ಬಿಣ ತಾಗಿದ್ರೆ ಮಣ್ಣಿಗೆ ವಿಷ ಏರತ್ತೆ ಅಂತ ರೈತರು ಹೆದರ್ತಿದ್ರಂತೆ. 1910ರಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿದ್ದು ಇದೇ ನೇಗಿಲ ಬೆನ್ನು ಹತ್ತಿ. ನಮ್ಮ ಮೈಸೂರು ಸಂಸ್ಥಾನದಲ್ಲಿ ಭದ್ರಾವತಿ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾಯ್ತು. ವಿಶ್ವೇಶ್ವರಯ್ಯನವರು ಅದರ ಹಿಂದೆ ಬಿದ್ದು ನಡೆಸಿದ್ದು ಎಲ್ಲರಿಗೂ ಗೊತ್ತಿರೋದೇ.

ಟ್ರ್ಯಾಕ್ಟರ್ ಬಂದ್ರೂ ನಮ್ಮಂಥವರ ಎರಡು ಎಕರೆ ಗದ್ದೆಗೆ ಅದು ಇಳಿಯೋಕಾಗಲ್ಲ. ಬದು ಸಣ್ಣದು, ಕೆಸರು ಆಳ, ಟ್ರ್ಯಾಕ್ಟರ್ ಹೂತ್ಕೊಂಡ್ಬಿಡತ್ತೆ. ಜಪಾನಿನ ಗದ್ದೆಗಳೂ ನಮ್ಮ ಥರಾನೇ ಚಿಕ್ಕ ಚಿಕ್ಕವು. ಅಲ್ಲಿ ಎರಡು ಚಕ್ರದ, ಹಿಂದೆ ನಡ್ಕೊಂಡು ಹೋಗೋ ಟಿಲ್ಲರ್ ಮನೆಮನೆಗೂ ಬಂದಿತ್ತು. 1967ರಲ್ಲಿ ನಮ್ಮ ಬೆಂಗಳೂರಿನಲ್ಲೇ ವಿಎಸ್‌ಟಿ ಟಿಲ್ಲರ್ಸ್ ಕಂಪನಿ ಶುರುವಾಯ್ತು, ಜಪಾನಿನ ಮಿತ್ಸುಬಿಷಿಯವರ ಜೊತೆ ಕೈಜೋಡಿಸಿ. ಕಾರ್ಖಾನೆ ವೈಟ್‌ಫೀಲ್ಡ್ ರಸ್ತೆಯ ಮಹದೇವಪುರದಲ್ಲಿ. ಕೇರಳದಲ್ಲಿ 1973ರಲ್ಲಿ ಕಾಮ್ಕೋ ಬಂತು, ಅವರದ್ದು ಕುಬೋಟಾ. ನಮ್ಮ ಕಡೆ ರೈತರಿಗೆ ಟಿಲ್ಲರ್ ಅಂದ್ರೆ ಮಿತ್ಸುಬಿಷಿನೇ. ನಮ್ಮತ್ತೆ ಈಗಲೂ "ಮಿಸ್ಬಿಸಿ" ಅಂತಾರೆ.

ಟಿಲ್ಲರ್ ಬಂದಿದ್ದರಿಂದ ಮನೇಲಿ ಏನಾಯ್ತು ಅನ್ನೋದನ್ನ ಯಾವ ಪುಸ್ತಕದಲ್ಲೂ ನಾನು ಓದಿರಲಿಲ್ಲ. ಅತ್ತೆ ಹೇಳಿದ್ದು ಕೇಳಿ. ಉಳೋದು ಗಂಡಸರ ಕೆಲಸ, ನಾಟಿ, ಕಳೆ ಹೆಂಗಸರ ಕೆಲಸ. ಟಿಲ್ಲರ್ ಬಂದ ಮೇಲೆ ನಾಲ್ಕು ದಿನದ ಉಳುಮೆ ಒಂದೇ ದಿನಕ್ಕೆ ಮುಗೀತಿತ್ತು. ಆದ್ರೆ ನಾಟಿ ಹಾಕೋ ಬೆನ್ನು ಅದೇ ಬೆನ್ನು. ಮೊದಲು ಒಂದು ಮಡಿ ಉತ್ತಾದ ಮೇಲೆ ಇನ್ನೊಂದು ಮಡಿ, ಮಧ್ಯೆ ಉಸಿರಾಡೋಕೆ ಹೊತ್ತು ಸಿಗ್ತಿತ್ತು. ಈಗ ಎಲ್ಲ ಮಡಿ ಒಟ್ಟಿಗೇ ರೆಡಿ, ಎಲ್ಲ ನಾಟಿ ಒಟ್ಟಿಗೇ ಆಗ್ಬೇಕು. ಮುಂದಿನ ವರ್ಷ ಎತ್ತು ಮಾರಿದ್ರು. ಅತ್ತೆಗೆ ಹುಲ್ಲು ಹೊರೋದು ತಪ್ತು, ಅದು ಖುಷಿ. ಆದ್ರೆ ಸಗಣಿಯೂ ಹೋಯ್ತು. ಒಲೆಗೆ ಬೆರಣಿ ಇಲ್ಲ, ಅಂಗಳ ಸಾರ್ಸೋಕೆ ಸಗಣಿ ಇಲ್ಲ, ತಿಪ್ಪೆಗೆ ಗೊಬ್ಬರ ಇಲ್ಲ. ಪಕ್ಕದ ಮನೆಗೆ ಬುಟ್ಟಿ ಹಿಡ್ಕೊಂಡು ಹೋಗ್ಬೇಕಾಯ್ತು. "ಬಳೇನೂ ನಂದೇ, ಬುಟ್ಟೀನೂ ನಂದೇ" ಅಂದ್ರು ಅತ್ತೆ. ನಗ್ತಾನೇ ಅಂದ್ರು, ಆದ್ರೆ ನಾನು ನಗಲಿಲ್ಲ.

ಈಗ ಕೆಲಸಕ್ಕೆ ಬರೋಣ.

ತುಕ್ಕು ಹಿಡಿದ ನಟ್ಟು ಯಾಕೆ ಬಿಡಲ್ಲ ಗೊತ್ತಾ? ಕಬ್ಬಿಣಕ್ಕೆ ನೀರು, ಗಾಳಿ ಎರಡೂ ಸೇರಿದ್ರೆ ತುಕ್ಕಾಗತ್ತೆ. ತುಕ್ಕು ಉಬ್ಬತ್ತೆ. ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ತಗೊಳ್ಳತ್ತೆ. ನಟ್ಟಿಗೂ ಬೋಲ್ಟಿಗೂ ಮಧ್ಯೆ ಇರೋದು ಕೂದಲೆಳೆಯಷ್ಟು ಜಾಗ. ಅದರೊಳಗೆ ತುಕ್ಕು ಉಬ್ಬಿ ಎರಡನ್ನೂ ಒಂದು ಮಾಡ್ಬಿಡತ್ತೆ. ಹಾಗಾಗಿ ಬಲ ಹಾಕಿ ತಿರುಗಿಸೋದು ದಡ್ಡತನ. ಒಳಗಿನ ತುಕ್ಕನ್ನ ಪುಡಿ ಮಾಡಿ, ಎಣ್ಣೆಗೆ ದಾರಿ ಮಾಡ್ಕೊಡ್ಬೇಕು.

ನಮ್ಮನೆಯವರು ಮೊದಲನೇ ದಿನವೇ ಸ್ಪ್ಯಾನರಿಗೆ ಉದ್ದದ ಪೈಪು ಸಿಗಿಸಿ ಜಗ್ಗಿದ್ರು. ಟಪ್ ಅಂತ ಬೋಲ್ಟಿನ ತಲೆ ಕಿತ್ಕೊಂಡು ಕೈಗೆ ಬಂತು. ಪಕ್ಕದ ರಸ್ತೆ ಗ್ಯಾರೇಜಿನ ಮೆಕ್ಯಾನಿಕ್ ಒಬ್ಬರು ಬಂದು ನೋಡಿ, "ಸಾರ್, ಇದು ಮದುವೆ ಮನೆ ಕೆಲಸ ಅಲ್ಲ, ಬಾಣಂತನದ ಕೆಲಸ. ನಿಧಾನಕ್ಕೆ ಮಾಡ್ಬೇಕು" ಅಂದ್ರು. ಆಮೇಲೆ ಅವರು ಹೇಳಿಕೊಟ್ಟಂಗೆ ನಡ್ಕೊಂಡ್ವಿ.

ಮೊದಲು ಫೋನಿನಲ್ಲಿ ಎಲ್ಲ ಕಡೆಯಿಂದ ಫೋಟೋ. ಯಾವುದು ಎಲ್ಲಿತ್ತು ಅಂತ ಆಮೇಲೆ ನೆನಪಿರಲ್ಲ. ಬಿಚ್ಚಿದ ನಟ್ಟುಗಳನ್ನ ಹಳೇ ಮೊಸರಿನ ಡಬ್ಬಿಗಳಲ್ಲಿ, ಒಂದೊಂದಕ್ಕೂ ಚೀಟಿ ಅಂಟಿಸಿ ಇಟ್ಟೆ. ಈ ಡಬ್ಬಿಗಳ ಲೆಕ್ಕ ನನ್ನದು. ಆಮೇಲೆ ಮಣ್ಣು, ಜಿಡ್ಡು ಬಿಸಿನೀರು ಮತ್ತು ವಾಷಿಂಗ್ ಸೋಡಾದಲ್ಲಿ ತೊಳೆದು, ತಂತಿ ಬ್ರಷ್ಷಿನಲ್ಲಿ ಉಜ್ಜಿದ್ವಿ. ಬೋಲ್ಟಿನ ಎಳೆಗಳು ಕಾಣೋ ಹಾಗಾಗ್ಬೇಕು, ಇಲ್ಲಾಂದ್ರೆ ಎಣ್ಣೆ ಒಳಗೆ ಇಳಿಯಲ್ಲ.

ಹಿಂದೆ ಸೀಮೆಎಣ್ಣೆ ಹಾಕ್ತಿದ್ರು. ಈಗ ಸೀಮೆಎಣ್ಣೆ ಸಿಗೋದು ಕಷ್ಟ. ಡೀಸೆಲ್ಲಿಗೆ ಅರ್ಧಕ್ಕರ್ಧ ಎಂಜಿನ್ ಆಯಿಲ್ ಬೆರೆಸಿ, ಮಗುವಿಗೆ ಔಷಧಿ ಹಾಕೋ ಪಿಲ್ಲರಿನಲ್ಲಿ ಬೆಳಿಗ್ಗೆ ಎರಡು ಹನಿ, ಸಂಜೆ ಎರಡು ಹನಿ. ಹಾಕಿದ ಮೇಲೆ ಬೋಲ್ಟಿನ ತಲೆ ಮೇಲೆ ಸಣ್ಣ ಸುತ್ತಿಗೆಯಲ್ಲಿ ಹತ್ತಿಪ್ಪತ್ತು ಸಲ ಟಕಟಕ. ಜೋರಾಗಲ್ಲ, ತೆಂಗಿನಕಾಯಿ ನೀರಿದ್ಯಾ ಅಂತ ತಟ್ಟಿ ನೋಡ್ತೀವಲ್ಲ, ಅದಕ್ಕಿಂತ ಸ್ವಲ್ಪ ಜಾಸ್ತಿ. ಆ ನಡುಕಕ್ಕೆ ತುಕ್ಕು ಬಿರುಕು ಬಿಡತ್ತೆ, ಬಿರುಕಿನಲ್ಲಿ ಎಣ್ಣೆ ಇಳಿಯತ್ತೆ. ವಾರ ಬಿಟ್ಟು ಸ್ಪ್ಯಾನರ್ ಹಾಕಿದಾಗಲೂ ಮೊದಲು ಬಿಗಿ ಮಾಡೋ ಕಡೆಗೇ ಒಂದು ಚೂರು ತಿರುಗಿಸ್ಬೇಕು, ಆಮೇಲೆ ಸಡಿಲ ಮಾಡೋ ಕಡೆಗೆ. ಚೂರು ಬಂತಾ? ಹಿಂದಕ್ಕೆ. ಎಣ್ಣೆ. ಮತ್ತೆ ಮುಂದಕ್ಕೆ. ಹೀಗೇ.

ಅದಕ್ಕೂ ಬಗ್ಗದ ನಟ್ಟಿಗೆ ಬೆಂಕಿ. ನಟ್ಟನ್ನ ಮಾತ್ರ ಕಾಯಿಸ್ಬೇಕು, ಬೋಲ್ಟನ್ನಲ್ಲ. ನಟ್ಟು ಕಾದು ಹಿಗ್ಗಿದಾಗ ಸಂದಿಗೆ ಮೇಣದಬತ್ತಿ ಮುಟ್ಟಿಸಿದ್ರೆ ಮೇಣ ಕರಗಿ ಸರ್‍ರನೆ ಒಳಗೆ ಹೋಗತ್ತೆ. ಬಿಸಿನೀರು ಸುರಿದು ಜಾಮ್ ಆದ ಸ್ಟೀಲ್ ಡಬ್ಬಿ ಮುಚ್ಚಳ ತೆಗೆಯೋದು ನಮಗೆ ಗೊತ್ತಲ್ಲ, ಅದೇ ವಿದ್ಯೆ. ಆದ್ರೆ ಡೀಸೆಲ್ ಟ್ಯಾಂಕು ಬಿಚ್ಚಿ ದೂರ ಇಟ್ಟು, ಎಣ್ಣೆ ಹಾಕಿದ್ದನ್ನೆಲ್ಲ ಒರೆಸಿ ಆಮೇಲೇ ಬೆಂಕಿ. ಇದು ಮೆಕ್ಯಾನಿಕ್ಕೇ ಮಾಡಿದ್ದು, ನಮ್ಮನ್ನ ಹತ್ತಿರ ಬಿಡಲಿಲ್ಲ. ತಲೆ ಮುರಿದ ಬೋಲ್ಟಿಗೆ ಮೇಲೆ ಒಂದು ನಟ್ಟು ವೆಲ್ಡ್ ಮಾಡಿ, ಆ ಕಾವಿನಲ್ಲೇ ತಿರುಗಿಸಿ ಹೊರಗೆ ತೆಗೆದ್ರು. ನೋಡೋಕೆ ಹಲ್ಲು ಕಿತ್ತಂಗಿತ್ತು.

ಚಿಕ್ಕ ಸಾಮಾನುಗಳು ನನ್ನ ಪಾಲಿಗೆ. ದೇವರ ದೀಪ ಬೆಳಗೋ ಹುಣಸೆಹಣ್ಣೇ ಇಲ್ಲೂ ಕೆಲಸ ಮಾಡತ್ತೆ. ನಾನು ನಿಂಬೆ ಉಪ್ಪು ಬೆಚ್ಚಗಿನ ನೀರಿಗೆ ಹಾಕಿ ಒಂದು ರಾತ್ರಿ ನೆನೆಸಿಟ್ಟೆ. ಬೆಳಿಗ್ಗೆ ಬ್ರಷ್ಷಿನಲ್ಲಿ ಉಜ್ಜಿದ್ರೆ ತುಕ್ಕು ಕಪ್ಪು ಕೆಸರಾಗಿ ಹೋಗತ್ತೆ. ಜಾಸ್ತಿ ದಿನ ಬಿಟ್ರೆ ಹುಳಿ ಕಬ್ಬಿಣವನ್ನೇ ತಿನ್ನತ್ತೆ. ತೆಗೆದ ತಕ್ಷಣ ಅಡುಗೆ ಸೋಡಾ ನೀರಲ್ಲಿ ತೊಳೆದು, ಒರೆಸಿ, ಬಿಸಿಲಿಗಿಟ್ಟು ಎಣ್ಣೆ ಸವರ್ಬೇಕು. ಒಂದು ದಿನ ಫೋನ್ ಬಂತು ಅಂತ ಒದ್ದೆಯಲ್ಲೇ ಬಿಟ್ಟು ಹೋದೆ. ವಾಪಸ್ ಬರೋಷ್ಟರಲ್ಲಿ ಅರಿಶಿನ ಹಚ್ಚಿದ ಹಾಗೆ ಹೊಸ ತುಕ್ಕು!

ದೊಡ್ಡ ಪರೀಕ್ಷೆ ಎಂಜಿನ್ನಿನದು. ಒಳಗೆ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಸಾಮಾನ್ಯವಾಗಿ ಇಂಥದ್ದಕ್ಕೆ ಮೇಲಿಂದ ಎಣ್ಣೆ ತುಂಬಿಸಿ ವಾರಗಟ್ಟಲೆ ಬಿಡ್ತಾರಂತೆ. ಆದ್ರೆ ಈ ಟಿಲ್ಲರ್ ಎಂಜಿನ್ನಿನಲ್ಲಿ ಸಿಲಿಂಡರು ಮಲಗಿರತ್ತೆ. ಹೆಡ್ಡು ಬಿಚ್ಚಿ ಎಣ್ಣೆ ಹಾಕಿದ್ರೆ ಅಷ್ಟೂ ನೆಲಕ್ಕೆ. ಎಂಜಿನ್ನು ಇಳಿಸಿ ನೆಟ್ಟಗೆ ನಿಲ್ಲಿಸೋಣ ಅಂದ್ರೆ ಅದರ ಬೋಲ್ಟುಗಳೂ ಬಿಡ್ತಿಲ್ಲ. ಗಂಡಸರೆಲ್ಲ ಸೊಂಟದ ಮೇಲೆ ಕೈಯಿಟ್ಕೊಂಡು ನಿಂತಿದ್ರು. ಅತ್ತೆ ನೋಡಿ ನೋಡಿ ಒಳಗೆ ಹೋಗಿ ತಮ್ಮ ಹಳೇ ಕಾಟನ್ ಸೀರೆ ತಂದ್ರು. "ಮಲಗಿರೋರಿಗೆ ಪಟ್ಟಿ ಹಾಕಲ್ವಾ? ಬಟ್ಟೆ ನೆನೆಸಿ ಒಳಗೆ ತುರುಕ್ರೋ" ಅಂದ್ರು.

ಸೀರೆ ಹರಿದು, ಎಣ್ಣೇಲಿ ನೆನೆಸಿ, ಪಿಸ್ಟನ್ನಿನ ಮುಖಕ್ಕೆ ಒತ್ತಿ ಸಿಲಿಂಡರ್ ತುಂಬ ತುರುಕಿದ್ವಿ. ದಿನಾ ಸಂಜೆ ದೇವರಿಗೆ ದೀಪ ಹಚ್ಚಿ ಬಂದು ಅತ್ತೆ ಒಂದು ಸೌಟು ಎಣ್ಣೆ ಆ ಬಟ್ಟೆಗೆ ಬಿಡೋರು. ಒಂಬತ್ತು ದಿನ ಹೀಗೆ. ಹತ್ತನೇ ದಿನ ಬಟ್ಟೆ ತೆಗೆದು ಫ್ಲೈವೀಲಿಗೆ ಕೈ ಹಾಕಿದ್ರು. ಇಲ್ಲ. ಮತ್ತೆ ಬಟ್ಟೆ. ಮೈದುನ, "ಅಮ್ಮಾ, ಸಾಕು ಬಿಡಮ್ಮ, ಆ ದುಡ್ಡಿಗೆ ನಾನು ಬಳೆ ಮಾಡಿಸ್ಕೊಡ್ತೀನಿ" ಅಂದ. ಅತ್ತೆ ಅವನ ಕಡೆ ನೋಡಿ, "ನಿಮ್ಮಪ್ಪನೂ ಹಂಗೇ ಅಂದಿದ್ರು" ಅಂದ್ರು. ಆಮೇಲೆ ಅವನೇ ದಿನಾ ಆಫೀಸಿಂದ ಬಂದು ಸುತ್ತಿಗೆ ಹಿಡಿಯೋಕೆ ಶುರು ಮಾಡಿದ.

ಹದಿನಾರನೇ ದಿನ ಪಿಸ್ಟನ್ನಿಗೆ ಮರದ ತುಂಡು ಆನಿಸಿ ಮೆಲ್ಲಗೆ ತಟ್ಟುತ್ತಾ, ಇನ್ನೊಬ್ಬರು ಫ್ಲೈವೀಲನ್ನ ಹಿಂದಕ್ಕೂ ಮುಂದಕ್ಕೂ ತೂಗಿದ್ರು. ಬರಿ ಕಬ್ಬಿಣದಲ್ಲಿ ಹೊಡೆದ್ರೆ ಪಿಸ್ಟನ್ನು ಒಡೆದು ಹೋಗತ್ತೆ, ಅದಕ್ಕೇ ಮರ. ನಾನು ಫ್ಲೈವೀಲಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಿದ್ದೆ. ಆ ಗೆರೆ ಒಂದು ಬೆರಳಗಲ ಸರೀತು. ಯಾರೂ ಮಾತಾಡ್ಲಿಲ್ಲ. ಮತ್ತೆ ಎರಡು ಬೆರಳು. ಸಂಜೆ ಹೊತ್ತಿಗೆ ಒಂದು ಸುತ್ತು.

ಪೂರ್ತಿ ಗೆದ್ವಿ ಅಂತ ಹೇಳಲ್ಲ. ಸಿಲಿಂಡರಿನ ಒಳಗೋಡೆ ಗುಳಿ ಬಿದ್ದಿತ್ತು, ಲೈನರ್ ಬದಲಾಯಿಸ್ಬೇಕಾಯ್ತು. ಜೆ.ಸಿ. ರಸ್ತೆ, ಎಸ್.ಪಿ. ರಸ್ತೆ ಎಲ್ಲ ಸುತ್ತಿ ರಿಂಗು, ಬೆಲ್ಟು ತಂದ್ರು. ಹಿಂದಿನ ಗೇರ್ ಒಂದು ಇನ್ನೂ ಬಿದ್ದಿಲ್ಲ. ಗುಜರಿ ದುಡ್ಡಿಗಿಂತ ಎಷ್ಟೋ ಪಟ್ಟು ಖರ್ಚಾಯ್ತು. ಲೆಕ್ಕ ಹಾಕಿದ್ರೆ ನಷ್ಟಾನೇ.

ಆಯುಧಪೂಜೆ ದಿನ ಕುಂಕುಮ ಇಟ್ಟು, ಬೂದುಗುಂಬಳ ಒಡೆದು, ಸ್ಟಾರ್ಟ್ ಮಾಡೋಕೆ ನಿಂತ್ರು. ಇದಕ್ಕೆ ಕೀಲಿ ಕೈ ಇಲ್ಲ, ಹ್ಯಾಂಡಲ್ ಹಾಕಿ ತಿರುಗಿಸ್ಬೇಕು. ಎಂಜಿನ್ ಮೇಲೆ ಒಂದು ಸಣ್ಣ ಲಿವರ್ ಇರತ್ತೆ. ಅದನ್ನ ಹಿಡ್ಕೊಂಡ್ರೆ ಒಳಗಿನ ಗಾಳಿ ಹೊರಗೆ ಹೋಗಿ ಹ್ಯಾಂಡಲ್ ಹಗುರವಾಗಿ ತಿರುಗತ್ತೆ. ವೇಗ ಬಂದಾಗ ಸರಿಯಾದ ಹೊತ್ತಿಗೆ ಬಿಡ್ಬೇಕು, ಆಗ ಡೀಸೆಲ್ ಹೊತ್ತಿಕೊಳ್ಳತ್ತೆ. ಮೈದುನ ಒಬ್ಬನೇ ಎರಡೂ ಮಾಡೋಕೆ ಹೋಗಿ ನಾಲ್ಕು ಸಲ ಸೋತ. ಅತ್ತೆ ಸೆರಗು ಸಿಗಿಸ್ಕೊಂಡು ಮುಂದೆ ಬಂದ್ರು. "ಸರಿ ಆ ಕಡೆ. ದಿನಾ ಬೆಳಿಗ್ಗೆ ಇದನ್ನ ಹಿಡೀತಿದ್ದೋಳು ನಾನು. ನಿಮ್ಮಪ್ಪ ತಿರುಗಿಸೋರು, ನಾನು ಬಿಡೋಳು" ಅಂದ್ರು.

ಮೈದುನ ತಿರುಗಿಸಿದ. ಅತ್ತೆ ಲಿವರ್ ಹಿಡ್ಕೊಂಡು ಕಿವಿ ಕೊಟ್ಟು ಕೇಳ್ತಾ ನಿಂತಿದ್ರು. ಬಿಟ್ರು. ಎರಡು ಸಲ ಕೆಮ್ಮಿ, ಬಿಳೀ ಹೊಗೆ ಉಗುಳಿ, ಡುಗುಡುಗು ಅಂತ ಶುರುವಾಯ್ತು. ಪಕ್ಕದ ಅಪಾರ್ಟ್‌ಮೆಂಟಿನ ಬಾಲ್ಕನಿಗೆಲ್ಲ ಜನ ಬಂದು ನಿಂತ್ರು.

ಈಗ ಅದು ಅಕ್ಕನ ಮಗನ ತೋಟದಲ್ಲಿದೆ, ಮೇಲೆ ಹೊಸ ಶೀಟು ಹಾಕಿಸಿದ್ದಾನೆ. ಶೆಡ್ಡು ಕೆಡವಿ ರೂಮು ಏಳ್ತಿದೆ. ದೀಪಾವಳಿಗೆ ಅಣ್ಣತಮ್ಮಂದಿರು ಸೇರಿ ಅತ್ತೆಗೆ ಎರಡು ಬಳೆ ತಂದ್ರು. ನಾಲ್ಕಲ್ಲ, ಎರಡು. ಈಗಿನ ಚಿನ್ನದ ರೇಟು ನಿಮಗೆ ಗೊತ್ತೇ ಇದೆ. ಅತ್ತೆ ಹಾಕ್ಕೊಂಡು ನೋಡಿ, ಬಿಚ್ಚಿ, ಬೀರುವಿನಲ್ಲಿಟ್ರು. ಹಳೇ ರಸೀದಿ ನಾನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಿದ್ದೀನಿ. ಅದರ ಜೊತೆ ಒಂದು ಹಾಳೆಯಲ್ಲಿ ಬಳೆ ಎಷ್ಟು, ಯಾರದ್ದು, ಯಾತಕ್ಕೆ ಹೋಯ್ತು ಅಂತ ಬರೆದು, ಕೆಳಗೆ ಅತ್ತೆ ಕೈಲಿ ಸಹಿ ಹಾಕಿಸಿದ್ದೀನಿ.

ನಿಮ್ಮನೆ ಹಿತ್ತಲಲ್ಲಿ ಪಂಪ್‌ಸೆಟ್ಟೋ, ಹೊಲಿಗೆ ಮೆಷಿನ್ನೋ, ಟಿಲ್ಲರ್ರೋ ತುಕ್ಕು ಹಿಡಿದು ನಿಂತಿದ್ರೆ, ಗುಜರಿಯವನನ್ನ ಕರೆಯೋ ಮುಂಚೆ ಮನೆ ಹಿರೀ ಹೆಂಗಸರನ್ನ ಒಂದು ಮಾತು ಕೇಳಿ. ಆಮೇಲೆ ಬೇಕಾದ್ರೆ ಎಣ್ಣೆ ಬಿಡಿ.